ತೆಪ್ಪದ ಮನೆಯ ನಲವತ್ತು ಸೆಕೆಂಡು

ಶಿವನಂಜಯ್ಯನವರು ತೀರಿಕೊಂಡರೆಂಬ ಸುದ್ದಿ ಬೆಳಿಗ್ಗೆ ಹತ್ತು ಗಂಟೆಗೆ ಬಂತು. ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಲಿಲ್ಲ. ಬಾಗಿಲು ಹಾಕಿ ಅಗುಳಿ ಸರಿಸಿದೆ. ಅಣ್ಣನ ಫೋಟೋದ ಮುಂದಿಟ್ಟಿದ್ದ ಕ್ಯಾಸೆಟ್ ತೆಗೆದು ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ. ಅಲ್ಲಿ ಅವರಿಗೆ ಇನ್ನೂ ಸ್ನಾನ ಮಾಡಿಸಿರಲಿಲ್ಲವಂತೆ. ಹಿಡಿದಿದ್ದವರು ಸತ್ತರೆ ಸಂಗೀತ ಆ ಕ್ಷಣವೇ ಬಿಡುಗಡೆಯಾಗುತ್ತದೆ, ಆಮೇಲೆ ಮೊದಲು ಕೇಳಿದವರ ಪಾಲಾಗುತ್ತದೆ. ಇನ್ಯಾರಾದರೂ ನನಗಿಂತ ಮುಂಚೆ ಕೇಳಿಬಿಟ್ಟರೆ ಎಂಬ ಭಯ ನನಗೆ. ನಾನು ಎಂಥ ಹೆಂಗಸು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ, ಅದಕ್ಕೇ ಹೇಳುತ್ತಿದ್ದೇನೆ.

ಟೇಪು ಸುತ್ತಿತು. ಬರೀ ಸುಯ್ ಎಂಬ ಸದ್ದು. ತಿರುಗಿಸಿ ಇನ್ನೊಂದು ಕಡೆ ಹಾಕಿದೆ. ಅದೇ ಸದ್ದು. ಯಾರೋ ನನಗಿಂತ ಮುಂದಾಗಿದ್ದಾರೆ ಅಂದುಕೊಂಡೆ. ಸತ್ತವರ ಮೇಲಿದ್ದ ಸಿಟ್ಟು ಹಾಗೇ ಎದ್ದು ಬದುಕಿದ್ದವರ ಮೇಲೆ ಕೂತಿತು.

ನಮ್ಮೂರಿನಲ್ಲಿ ಸಿನಿಮಾದ ಹಾಡು ಎಲ್ಲರಿಗೂ ಕೇಳಿಸುತ್ತದೆ, ಮಾತು ಎಲ್ಲರಿಗೂ ಕೇಳಿಸುತ್ತದೆ. ಹಿನ್ನೆಲೆ ಸಂಗೀತ ಮಾತ್ರ ಒಂದು ಸಲಕ್ಕೆ ಒಬ್ಬರಿಗೇ. ಒಂದು ಸಿನಿಮಾದ ಸಂಗೀತ ಒಬ್ಬರ ಕಿವಿಗೆ ಹತ್ತಿತೆಂದರೆ, ಅವರು ಬಾಯಿಬಿಟ್ಟು ‘ಬಿಟ್ಟೆ’ ಎನ್ನುವವರೆಗೆ ಅದು ಅವರದೇ. ಉಳಿದವರು ಅದೇ ಟೇಪು ಹಾಕಿದರೂ, ಅದೇ ಸಿನಿಮಾಕ್ಕೆ ಹೋದರೂ ಸುಯ್ ಎನ್ನುವುದಷ್ಟೇ ಗತಿ. ಹದಿನೈದು ದಿನ ಕೇಳದೆ ಬಿಟ್ಟರೂ ಹಿಡಿತ ತಪ್ಪುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯರು ಇದು ಯಾಕೆ ಹೀಗೆ ಎಂದು ಒಂದು ವರ್ಷ ಕೇಳುತ್ತಾರೆ, ಆಮೇಲೆ ಅವರೂ ಕೇಳುವುದನ್ನು ಬಿಡುತ್ತಾರೆ. ಚಂದ್ರಪ್ರಭಾ ಟಾಕೀಸಿನಲ್ಲಿ ನಾಯಕಿ ಸಾಯುವಾಗ ಇಡೀ ಹಾಲ್ ಕಡಲೆಕಾಯಿ ಸುಲಿಯುತ್ತಿರುತ್ತದೆ, ಎಲ್ಲೋ ಒಂದು ಮೂಲೆಯಲ್ಲಿ ಒಬ್ಬರು ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿರುತ್ತಾರೆ. ಈ ಸಲ ಅವರಿಗೆ ಹತ್ತಿದೆ ಎಂದು ಪಕ್ಕದವರು ಸ್ವಲ್ಪ ಸರಿದು ಕೂತು ಜಾಗ ಬಿಡುತ್ತಾರೆ.

ಹೆಚ್ಚಿನವರಿಗೆ ಇದರಿಂದ ಏನೂ ನಷ್ಟವಿಲ್ಲ. ಅವರಿಗೆ ಹಾಡು ಸಾಕು, ಹೊಡೆದಾಟ ಸಾಕು. ಹಿನ್ನೆಲೆ ಸಂಗೀತದ ಹುಚ್ಚು ಹಿಡಿದ ನಾವು ಹದಿನಾಲ್ಕು ಜನ ಮಾತ್ರ ಭಾನುವಾರ ಮಧ್ಯಾಹ್ನ ಮೂರಕ್ಕೆ ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಸೇರುತ್ತಿದ್ದೆವು. ಮ್ಯಾಟಿನಿಗೆ ಬಂದವರ ಸೈಕಲ್ಲುಗಳ ನಡುವೆ ಎರಡು ಬೆಂಚು. ವಾಚ್ ರಿಪೇರಿಯ ಖಲಂದರ್ ಸಾಹೇಬರು ನೋಟುಬುಕ್ಕು ಬಿಚ್ಚಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು, “ಸದ್ಯ ಕಿವಿಯಲ್ಲಿ ಏನಿದೆ?” ನಾವು ಹೇಳುತ್ತಿದ್ದೆವು. ಯಾರು ಏನು ಕೇಳುತ್ತಿದ್ದಾರೆಂದು ಗೊತ್ತಾದರೆ ತಾನೇ ಉಳಿದವರು ಸರದಿ ಕಾಯುವುದು. ಬರೀ ಹೆಸರು ಹೇಳಿದರೆ ಸಾಲದು, ಹೇಗಿದೆ ಎಂದೂ ಹೇಳಬೇಕಿತ್ತು, ಯಾಕೆಂದರೆ ಕೇಳಿಸಿ ತೋರಿಸುವ ಹಾಗಿಲ್ಲವಲ್ಲ. ಜವಳಿ ಅಂಗಡಿಯ ಪದ್ಮರಾಜಯ್ಯ ಪಿಟೀಲನ್ನು ಮೈಸೂರು ಸಿಲ್ಕು, ಕೊಳಲನ್ನು ವಾಯಿಲ್, ತಮಟೆಯನ್ನು ಗೋಣಿತಾಟು ಎನ್ನುತ್ತಿದ್ದರು. ನಗುತ್ತಿದ್ದೆವು, ಆದರೆ ಅವರು ಹೇಳಿದ ಮೇಲೆ ಅದನ್ನು ಕೇಳಲೇಬೇಕು ಅನ್ನಿಸುತ್ತಿತ್ತು. ಹದಿನೈದು ದಿನ ಕೇಳಿ ಎಲ್ಲರೆದುರು ‘ಬಿಟ್ಟೆ’ ಎಂದು ಮುಂದಿನವರಿಗೆ ದಾಟಿಸುವುದು ಪದ್ಧತಿ. ಒಂದನ್ನು ಹಿಡಿದುಕೊಂಡು ಇನ್ನೊಂದರ ಹೆಸರು ಹೇಳುವವರು ನಮ್ಮ ಲೆಕ್ಕದಲ್ಲಿ ಕಳ್ಳರಿಗಿಂತ ಕಡೆ.

ನಾನು ವಾರಿಜಾ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವಳು. ಯಾರು ನಿಜ ಹೇಳುತ್ತಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಉಸಿರಿನಲ್ಲೇ ಗೊತ್ತಾಗುತ್ತದೆ ಎಂಬ ಜಂಬ ನನಗಿತ್ತು. ಮದುವೆಯಾಗಲಿಲ್ಲ. ಇದ್ದವನೊಬ್ಬ ಅಣ್ಣ, ಮುಕುಂದ. ಪಟ್ಟಣದ ಸ್ಟುಡಿಯೋದಲ್ಲಿ ಪಿಟೀಲು ನುಡಿಸುತ್ತಿದ್ದ. ಹದಿನೆಂಟು ಪಿಟೀಲುಗಳ ಸಾಲಿನಲ್ಲಿ ಹಿಂದಿನವನು. ಅವನೊಬ್ಬನೇ ನುಡಿಸಿದ್ದು ಜೀವಮಾನದಲ್ಲಿ ಒಂದೇ ಸಲ, ‘ತೆಪ್ಪದ ಮನೆ’ ಎಂಬ ಸಿನಿಮಾದ ಏಳನೇ ರೀಲಿನಲ್ಲಿ. ಹಾಗೆ ಒಂಟಿಯಾಗಿ ನುಡಿಸುವ ಮುಂದಿನ ಸಾಲಿನವರಿಗೆ ಆ ದಿನ ಜ್ವರವಿತ್ತಂತೆ. ಅಂಬಿಗನ ಹೆಂಡತಿ ದೀಪ ಹಿಡಿದು ನಿಂತಿರುತ್ತಾಳೆ, ಅವನು “ದೀಪ ಆರಿಸ್ಬೇಡ” ಎನ್ನುತ್ತಾನೆ, ತೆಪ್ಪ ಹೊರಡುತ್ತದೆ. ಅಲ್ಲಿ ನಲವತ್ತು ಸೆಕೆಂಡು ಮುಕುಂದನ ಪಿಟೀಲು. ಹಾಡಿನ ಕ್ಯಾಸೆಟ್ಟು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹಿನ್ನೆಲೆ ಸಂಗೀತವನ್ನು ಯಾರೂ ಮಾರುವುದಿಲ್ಲ. ಹಾಗಾಗಿ ಅಣ್ಣ ಸ್ಟುಡಿಯೋದವರನ್ನು ಕಾಡಿ ಬೇಡಿ, ಮಾತಿಲ್ಲದ ಬರೀ ಸಂಗೀತವನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿಕೊಂಡು ತಂದು ನನ್ನ ಕೈಗೆ ಕೊಟ್ಟ.

ಆದರೆ ಅಷ್ಟರಲ್ಲಿ ಸಿನಿಮಾ ನಮ್ಮೂರಿಗೆ ಬಂದು, ಸಂಗೀತ ಟಾಕೀಸಿನ ಆಪರೇಟರ್ ಶಿವನಂಜಯ್ಯನವರ ಕಿವಿಗೆ ಹತ್ತಿಬಿಟ್ಟಿತ್ತು. ರೀಲು ಬಂದ ದಿನ ಪರೀಕ್ಷೆಗೆಂದು ಮೊದಲು ಓಡಿಸುವವರು ಅವರೇ ಆದ್ದರಿಂದ ಎಷ್ಟೋ ಸಂಗೀತ ಮೊದಲು ಅವರ ಪಾಲಾಗುತ್ತಿತ್ತು. ಪದ್ಧತಿಯಂತೆ ಬಿಟ್ಟುಕೊಡುತ್ತಲೂ ಇದ್ದರು. ‘ತೆಪ್ಪದ ಮನೆ’ಯನ್ನು ಅವರು ಬಿಡುವ ಮೊದಲೇ ಅಣ್ಣ ಎದೆನೋವೆಂದು ಮಲಗಿದವನು ಏಳಲಿಲ್ಲ. ಅವನ ತಿಥಿ ಮುಗಿದ ಭಾನುವಾರ ಶಿವನಂಜಯ್ಯನವರು ಬೆಂಚಿನಿಂದ ಎದ್ದು ನಿಂತು, “ತೆಪ್ಪದ ಮನೆ, ಬಿಟ್ಟೆ. ಇದು ವಾರಿಜಮ್ಮೋರಿಗೆ. ಹದಿನೈದು ದಿನ ಅಂತ ಲೆಕ್ಕ ಇಡಬ್ಯಾಡಿ ಸಾಹೇಬ್ರೆ, ಇದನ್ನ ಇನ್ಯಾರೂ ಕೇಳಬಾರದು” ಎಂದರು. ಎಲ್ಲರೂ ಒಪ್ಪಿದರು. ಒಂಬತ್ತು ವರ್ಷ ಅದು ನನ್ನ ಹತ್ತಿರ ಇತ್ತು. ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ನಲವತ್ತು ಸೆಕೆಂಡು. ಒಂದು ಕಡೆ ಬಿಲ್ಲು ತಂತಿಗೆ ಸ್ವಲ್ಪ ಜಾಸ್ತಿ ಒತ್ತುತ್ತದೆ, ಒಂದು ಚೂರು ಗೀರಿದ ಹಾಗೆ. ಅದು ಸಂಗೀತ ನಿರ್ದೇಶಕರದ್ದಲ್ಲ, ಅದು ನಮ್ಮಣ್ಣ. ಚಿಕ್ಕಂದಿನಲ್ಲೂ ಅವನಿಗೆ ಆ ದುರಭ್ಯಾಸವಿತ್ತು, ಅಪ್ಪ ಎಷ್ಟು ಬೈದರೂ ಹೋಗಲಿಲ್ಲ. ಆ ಗೀರಿನ ಹತ್ತಿರ ಅವನು ಮನೆಯಲ್ಲೇ ಇದ್ದಾನೆ ಎನ್ನಿಸುತ್ತಿತ್ತು.

ಆಮೇಲೆ ನನಗೆ ಕಾಮಾಲೆ ಬಂತು. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದೆ. ಹೊರಡುವ ದಿನ ಕ್ಯಾಸೆಟ್ಟನ್ನು ಕಪಾಟಿನಿಂದ ತೆಗೆದು, ನಿನ್ನದನ್ನು ನೀನೇ ಕಾಯ್ದುಕೋ ಎಂದು ಅಣ್ಣನ ಫೋಟೋದ ಮುಂದಿಟ್ಟು ಕೈಮುಗಿದು ಹೋಗಿದ್ದೆ. ಮನೆಗೆ ಬಂದವಳು ಕೈಕಾಲು ತೊಳೆಯದೆ ಮೊದಲು ಅದನ್ನೇ ಹಾಕಿದೆ. ಸುಯ್ ಎಂದಿತು. ಮೂರು ವಾರದಲ್ಲಿ ನನ್ನ ಹಿಡಿತ ತಪ್ಪಿತ್ತು, ಸರಿ. ಆದರೆ ಹಿಡಿತ ತಪ್ಪಿದ್ದು ಬೇರೆ, ಬೇರೆ ಯಾರೂ ಹಿಡಿಯದಿದ್ದರೆ ಹಾಕಿದ ಕೂಡಲೇ ಮತ್ತೆ ನನಗೇ ಕೇಳಿಸಬೇಕಿತ್ತು. ಕೇಳಿಸಲಿಲ್ಲ ಎಂದರೆ ಆ ಸಂದಿನಲ್ಲಿ ಯಾರೋ ಕೇಳಿದ್ದಾರೆ. ನಮ್ಮೂರಿನಲ್ಲಿ ಟೇಪು ಸುಮ್ಮನಿದ್ದರೆ ಅದಕ್ಕೆ ಒಂದೇ ಅರ್ಥ. ಹುಟ್ಟಿದಾಗಿನಿಂದ ಆ ಒಂದೇ ಅರ್ಥ ಕೇಳಿ ಬೆಳೆದವರು ನಾವು.

ಭಾನುವಾರ ಕೇಳಿದೆ. ಯಾರೂ ಒಪ್ಪಲಿಲ್ಲ. ತಿಂಗಳು ಕಾದೆ, ಎರಡು ತಿಂಗಳು ಕಾದೆ. ಒಂದು ದಿನ ಸೊಸೈಟಿಯ ಮುಂದೆ ಸಕ್ಕರೆಗೆ ಸಾಲು ನಿಂತಿದ್ದೆ. ನನ್ನ ಮುಂದೆ ನಾಲ್ಕು ಜನರ ಆಚೆ ಶಿವನಂಜಯ್ಯನವರು ಚೀಲ ಹಿಡಿದು ನಿಂತು ಗುನುಗುತ್ತಿದ್ದರು. ಅದೇ ನಲವತ್ತು ಸೆಕೆಂಡು. ಗೀರು ಬರುವ ಜಾಗದಲ್ಲಿ ಗಂಟಲು ಸ್ವಲ್ಪ ಒರಟು ಮಾಡಿ ಗುನುಗುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. “ಶಿವನಂಜಯ್ಯೋರೆ” ಎಂದು ಹಿಂದಿನಿಂದ ಕೂಗಿದೆ. ತಿರುಗಿ ನೋಡಲಿಲ್ಲ. ಮತ್ತೆ ಕೂಗಿದೆ. ನೋಡಲಿಲ್ಲ. ತಪ್ಪಿತಸ್ಥ ಮುಖ ತೋರಿಸಲು ಹೆದರುತ್ತಾನೆ ಎಂದುಕೊಂಡೆ.

ಆಮೇಲೆ ನೋಡಿದ್ದೆಲ್ಲ ಸಾಕ್ಷಿಯೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನನಗೆ ಕಾಮಾಲೆ ವಾಸಿಯಾದ ಮೇಲೆ ಹಳದಿ ಜಾಸ್ತಿಯಾಯಿತು. ಕೂಟದಲ್ಲಿ ಅವರು ಈಚೆಗೆ ಎದುರು ಬೆಂಚಿನಲ್ಲೇ ಕೂರುತ್ತಿದ್ದರು, ಮಾತನಾಡುವವರ ಬಾಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನು ಮಾತನಾಡುವಾಗಲಂತೂ ಇನ್ನೂ ಹೆಚ್ಚು. ಏನು ಪತ್ತೆಯಾಗಿದೆ ಎಂದು ಅಳೆಯುತ್ತಿದ್ದಾರೆ ಎಂದು ನನ್ನ ತೀರ್ಮಾನ. ಸಾಹೇಬರು ಕೇಳಿದಾಗ ಪ್ರತಿ ಭಾನುವಾರ ‘ಕರಿಯ ಕುದುರೆ’ ಎಂಬ ಒಂದೇ ಹೆಸರು ಹೇಳುತ್ತಿದ್ದರು. ಪದ್ಧತಿ ಕಟ್ಟುನಿಟ್ಟಾಗಿ ನಡೆಸುತ್ತಿದ್ದ ಮನುಷ್ಯ ಈಗ ನಾಲ್ಕು ತಿಂಗಳಾದರೂ ಬಿಟ್ಟುಕೊಡುತ್ತಿರಲಿಲ್ಲ. ವಯಸ್ಸಾದವರು ಇರಲಿ ಎಂದು ಸಾಹೇಬರೂ ಸುಮ್ಮನಿದ್ದರು.

ಒಂದು ಭಾನುವಾರ ಪದ್ಮರಾಜಯ್ಯ ತಡವಾಗಿ ಬಂದು, ಬೆಂಚಿನ ತುದಿಯಲ್ಲಿ ಕೂತು, ಒಂದು ಥರಾ ನಗುತ್ತಾ ಹೇಳಿದರು.

“ನಿನ್ನೆ ಸುಮ್ನೆ ಕರಿಯ ಕುದುರೆ ಟೇಪ್ ಹಾಕ್ದೆ ಸಾಹೇಬ್ರೆ. ಟಾಕೀಸಲ್ಲಿ ಇಳಿಸ್ಕೊಂಡಿದ್ದು, ಹಾಡಿಗೆ ಅಂತ ಹಾಕಿದ್ದು. ಹಿಂದಿಂದು ಪೂರ್ತಿ ಕೇಳಿಸ್ತು ನಂಗೆ. ಕುದುರೆ ಓಡೋದು, ಗೊರಸು, ಎಲ್ಲ.”

ಎಲ್ಲರೂ ಶಿವನಂಜಯ್ಯನವರ ಕಡೆ ತಿರುಗಿದರು. ಅವರು ಪದ್ಮರಾಜಯ್ಯನ ಮುಖ ನೋಡುತ್ತಿದ್ದವರು ನಮ್ಮ ಮುಖ ನೋಡಿದರು. ತೊಡೆಯ ಮೇಲೆ ಒಂದು ಬಟ್ಟೆ ಚೀಲವಿತ್ತು, ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೆ ನೆನಪಾಯಿತು.

“ಮತ್ತೆ ನೀವು ಕೇಳ್ತಿರೋದು ಏನು?” ಎಂದು ನಾನು ಎದ್ದು ನಿಂತೆ. “ಇಷ್ಟು ದಿನ ಸುಳ್ಳು ಹೇಳಿದ್ದು ಯಾಕೆ? ಏನನ್ನ ಬಚ್ಚಿಡೋಕೆ?”

“ತಾಯಿ,” ಎಂದರು ಅವರು, ನನ್ನ ಬಾಯಿಯನ್ನೇ ನೋಡುತ್ತಾ. ದನಿ ಎಂದಿಗಿಂತ ಗಟ್ಟಿಯಾಗಿತ್ತು. “ನಿಮ್ಮ ಟೇಪನ್ನ ಒಂದ್ಸಲ ಸಾಹೇಬ್ರಿಗೆ ತೋರ್ಸಿ. ಟೇಪೂ ಕೆಡುತ್ತೆ. ನಾನು ಕ್ಯಾಬಿನ್‌ನಲ್ಲಿ ನೋಡಿದೀನಿ.”

“ನಮ್ಮಣ್ಣನ ಟೇಪ್ ಕೆಟ್ಟಿದೆ ಅಂತೀರಾ?”

“ಅದಲ್ಲ ತಾಯಿ, ನಾನೊಂದು…” ಎಂದು ಚೀಲದ ಬಾಯಿಗೆ ಕೈ ಹಾಕಿದರು.

ನಾನು ಬಿಡಲಿಲ್ಲ. “ಸೊಸೈಟಿ ಹತ್ರ ಗುನುಗ್ತಾ ನಿಂತಿದ್ರಲ್ಲ, ನಾನೇ ಕೇಳಿದೀನಿ. ಕೊಟ್ಟಂಗೆ ಮಾಡಿ, ನಾನು ಆಸ್ಪತ್ರೆಲಿ ಬಿದ್ದಿದ್ದಾಗ ಕದ್ರಿ. ಇದು ಸತ್ತೋರಿಗೆ ಇಟ್ಟ ಎಡೆ ಕದ್ದು ತಿಂದಂಗೆ. ನಿಮ್ಮ ಮುಖ ನೋಡೋಕೂ ಹೇಸಿಗೆ ಆಗುತ್ತೆ.”

ಇದನ್ನು ನಾನು ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. ಸಿಟ್ಟು ನೆತ್ತಿಗೇರಿದಾಗ ನನಗೆ ಹಾಗೆ ಮಾತು ಬರುತ್ತದೆ, ಎಕ್ಸ್‌ಚೇಂಜಿನ ಅಭ್ಯಾಸ. ಅವರಿಗೆ ಪ್ರತಿಯೊಂದೂ ಚೆನ್ನಾಗಿ ತಿಳಿಯಿತು. ಚೀಲದೊಳಗಿದ್ದ ಕೈಯನ್ನು ಖಾಲಿಯಾಗಿ ಹೊರಗೆ ತೆಗೆದರು. ಎದ್ದರು. ಚಪ್ಪಲಿ ಹುಡುಕುತ್ತಾ ಒಂದು ಸೈಕಲ್ಲಿಗೆ ತಾಗಿ ಅದು ಬಿತ್ತು, ಅದನ್ನು ಎತ್ತಿ ನಿಲ್ಲಿಸಿ ಹೋದರು. ಸಾಹೇಬರು ನೋಟುಬುಕ್ಕಿನಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆಯುವವರೆಗೆ ನಾನು ಕೂರಲಿಲ್ಲ.

ಊರು ಚಿಕ್ಕದು. ಮರುದಿನಕ್ಕೆ ಎಲ್ಲರಿಗೂ ಗೊತ್ತಾಯಿತು. ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮದುವೆಯ ಕರೆಯೋಲೆ ಕೊಡುವವರು ಅವರ ಮನೆ ದಾಟಿ ಮುಂದಿನ ಮನೆಗೆ ಹೋದರು. ಟಾಕೀಸಿನವರು ಹಳೆಯ ಆಪರೇಟರಿಗೆಂದು ಬಿಟ್ಟಿದ್ದ ಕುರ್ಚಿಯನ್ನು ಕ್ಯಾಬಿನ್‌ನಿಂದ ತೆಗೆದರು. ಅವರು ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದರು. ಎರಡು ವರ್ಷ ನಾನು ಅವರನ್ನು ನೋಡಲಿಲ್ಲ, ಆದರೆ ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಟೇಪು ಹಾಕಿ, ಅದು ಸುಯ್ ಎಂದ ತಕ್ಷಣ ಅವರಿಗೆ ಶಾಪ ಹಾಕುತ್ತಿದ್ದೆ. ಅದೂ ಒಂದು ಅಭ್ಯಾಸವಾಗಿತ್ತು. ಆಮೇಲೆ ಅವರು ಸತ್ತರು, ನಾನು ಹಾಕಿದ ಟೇಪು ಅವರು ಸತ್ತ ಮೇಲೂ ಸುಯ್ ಎಂದಿತು.

ಮುಂದಿನ ಭಾನುವಾರ ನಾನು ಕೂಟದಲ್ಲಿ ರಂಪ ಮಾಡಿದೆ. ನೋಟುಬುಕ್ಕಿನ ಮೇಲೆ ಕೈಯಿಟ್ಟು ಆಣೆ ಮಾಡಿ ಎಂದೆ. ಹದಿಮೂರು ಜನರಲ್ಲಿ ನನ್ನನ್ನು ಬಿಟ್ಟು ಹನ್ನೆರಡೂ ಜನ ಒಬ್ಬೊಬ್ಬರಾಗಿ ಕೈಯಿಟ್ಟರು. ಪದ್ಮರಾಜಯ್ಯ ಮಕ್ಕಳ ಮೇಲೆ ಆಣೆ ಹಾಕಿ, ಮೊದಲ ಬಾರಿಗೆ ನಗದೆ ಕೂತರು. ಎಲ್ಲ ಮುಗಿದ ಮೇಲೆ ಖಲಂದರ್ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು.

“ಆ ಟೇಪ್ ಎಲ್ಲಿ ಇಡ್ತೀರಿ ಬೆಹೆನ್?”

“ಅಣ್ಣನ ಫೋಟೋ ಮುಂದೆ. ಇನ್ನೆಲ್ಲಿಡ್ಲಿ?”

“ನಾಳೆ ಬಂದು ನೋಡ್ತೀನಿ.”

ಬಂದರು. ಕೂರಿ ಎಂದರೆ ಕೂರಲಿಲ್ಲ. ಅಣ್ಣನ ಫೋಟೋ ನಡುಮನೆಯ ಗೋಡೆಗೆ ಒರಗಿತ್ತು. ಅದರ ಮುಂದೆ ಪೀಠದ ಹಾಗೆ ಒಂದು ಸ್ಪೀಕರ್. ಟಾಕೀಸಿನವರು ಪರದೆಯ ಹಿಂದಿನ ಹಳೆಯ ಸ್ಪೀಕರನ್ನು ಬಿಸಾಡಿದಾಗ ಅಣ್ಣ ಹೊತ್ತು ತಂದದ್ದು, ದೊಡ್ಡ ಬಾಣಲೆಯಷ್ಟು ಅಗಲ. ಇಲಿ ಅದರ ಕಾಗದವನ್ನು ಕಡಿಯದಿರಲೆಂದು ನಾನು ಬೋರಲು ಹಾಕಿದ್ದೆ. ಮೇಲೆ ಬಂದ ಅದರ ಭಾರದ ಹಿಂಭಾಗದ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಕ್ಯಾಸೆಟ್, ಪಕ್ಕದಲ್ಲಿ ಹೂವು. ಸಾಹೇಬರು ಕ್ಯಾಸೆಟ್ಟನ್ನು ಎತ್ತಿಟ್ಟು, ಬಟ್ಟೆ ಸರಿಸಿ, ಜೇಬಿನಿಂದ ವಾಚಿನ ಒಂದು ಸಣ್ಣ ಸ್ಕ್ರೂ ತೆಗೆದು ಒಂದು ಗೇಣು ಮೇಲಿನಿಂದ ಬಿಟ್ಟರು. ಅದು ನೆಟ್ಟಗೆ ಬೀಳಲಿಲ್ಲ, ಓರೆಯಾಗಿ ಹಾರಿ ಟಕ್ಕೆಂದು ಅಂಟಿಕೊಂಡಿತು. ಉಗುರಿನಿಂದ ಎಬ್ಬಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಅಯಸ್ಕಾಂತ,” ಎಂದರು. “ಇದರ ಹತ್ರ ಇಟ್ರೆ ವಾಚ್ ನಿಂತೋಗುತ್ತೆ. ಟೇಪು ಅಳಿಸೋಗುತ್ತೆ. ಯಾವತ್ತಿಂದ ಇಲ್ಲಿಟ್ಟಿದೀರಿ?”

“ಆಸ್ಪತ್ರೆಗೆ ಹೋದ ದಿನದಿಂದ.”

ಅವರು ಸ್ಕ್ರೂವನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಆ ಸ್ಪೀಕರಿನ ಮುಂದೆ ಸಂಜೆಯವರೆಗೆ ಕೂತಿದ್ದೆ. ಯಾರೂ ಕದ್ದಿರಲಿಲ್ಲ. ನನ್ನಣ್ಣನನ್ನು ನಾನೇ ಪೂಜೆ ಮಾಡಿ ಮಾಡಿ ಅಳಿಸಿದ್ದೆ. ಅದಕ್ಕಾಗಿ ಒಬ್ಬ ಮನುಷ್ಯನನ್ನು ಎರಡು ವರ್ಷ ಮನೆಯೊಳಗೆ ಕೂರಿಸಿ ಕೊಂದಿದ್ದೆ. ನಾಚಿಕೆಗೆ ಕಣ್ಣೀರು ಕೂಡ ಬರಲಿಲ್ಲ.

ಅವರ ಹನ್ನೊಂದನೇ ದಿನ ಕಳೆದ ಮೇಲೆ ಮನೆಗೆ ಹೋದೆ. ಮಗಳು ಪ್ರಭಾಮಣಿ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ, ಮೂವತ್ತೈದರ ಹೆಂಗಸು, ಗಂಡ ಇಲ್ಲ. ಹೊಸಿಲಲ್ಲಿ ನನ್ನನ್ನು ನೋಡಿಯೂ ಕಾಲು ನಿಲ್ಲಿಸಲಿಲ್ಲ. ಮೆಷಿನ್ ಓಡುತ್ತಲೇ ಇತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಅಯಸ್ಕಾಂತ, ಸ್ಕ್ರೂ, ಆಸ್ಪತ್ರೆ, ಎಲ್ಲ. “ತಪ್ಪಾಯ್ತು” ಎಂದೆ. ಆ ಮಾತು ನನ್ನ ಬಾಯಲ್ಲಿ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಮತ್ತೊಮ್ಮೆ ಹೇಳಲು ಧೈರ್ಯ ಬರಲಿಲ್ಲ.

ಅವಳು ಹೊಲಿಗೆಯ ಕೊನೆಗೆ ಬಂದು ದಾರ ಕತ್ತರಿಸಿದಳು.

“ಅಪ್ಪಂಗೆ ಕಿವಿ ಹೋಗಿತ್ತು ವಾರಿಜಮ್ಮೋರೆ. ನಿಮ್ಮ ಗಲಾಟೆ ಆಗೋಕೆ ಒಂದು ವರ್ಷ ಮುಂಚೇನೇ ಎರಡೂ ಕಿವಿ ಪೂರ್ತಿ. ಮುವ್ವತ್ತು ವರ್ಷ ಟಾಕೀಸಿನ ಆ ಮೆಷಿನ್ ಪಕ್ಕ ನಿಂತಿದ್ರಲ್ಲ. ಕಿವುಡಾದ್ರೆ ಕೂಟಕ್ಕೆ ಸೇರಿಸ್ಕೊಳಲ್ಲ ಅಂತ ಹೇಳ್ಲಿಲ್ಲ. ನಿಮ್ಮ ಬಾಯಿ ನೋಡಿ ನೋಡೀನೇ ತಿಳ್ಕೋತಿದ್ರು. ಏನಾದ್ರೂ ಒಂದು ಹೆಸರು ಹೇಳ್ಬೇಕಲ್ಲ, ಕರಿಯ ಕುದುರೆ ಅಂತಿದ್ರು.”

“ಸೊಸೈಟಿ ಹತ್ರ ಗುನುಗ್ತಿದ್ರು,” ಎಂದೆ. ಯಾಕೆ ಹೇಳಿದೆನೋ.

“ಅದೊಂದು ತಲೇಲಿ ಉಳ್ಕೊಂಡಿತ್ತು. ಬೇರೆ ಎಲ್ಲ ಹೋಯ್ತು, ಅದೊಂದಿದೆ ಅಂತಿದ್ರು. ಗುನುಗ್ತಿರೋದು ಅವರಿಗೇ ಗೊತ್ತಾಗ್ತಿರ್ಲಿಲ್ಲ.”

ಅವಳು ಎದ್ದು ಒಳಗೆ ಹೋಗಿ ಒಂದು ಬಟ್ಟೆ ಚೀಲ ತಂದಳು. ನನಗೆ ಗುರುತು ಹತ್ತಿತು. ಒಳಗೊಂದು ಕ್ಯಾಸೆಟ್ಟಿತ್ತು. ಮೇಲೆ ಆಪರೇಟರುಗಳ ದಪ್ಪ ಅಕ್ಷರದಲ್ಲಿ ‘ತೆಪ್ಪದ ಮನೆ, ೭ನೇ ರೀಲು, ವಾರಿಜಮ್ಮನವರಿಗೆ’ ಎಂದಿತ್ತು.

“ಸಿನಿಮಾ ಬಂದಾಗ ಕ್ಯಾಬಿನ್‌ನಿಂದ ವೈರ್ ಎಳೆದು ಇಳಿಸ್ಕೊಂಡಿದ್ರು. ನಿಮ್ಮ ಟೇಪ್ ಕೇಳಿಸ್ತಿಲ್ಲ ಅಂತ ನೀವು ಅಂದಾಗ್ಲಿಂದ ಕೆಟ್ಟಿರ್ಬೇಕು ಅಂತಿದ್ರು. ಇದನ್ನ ಕೊಡ್ಬೇಕು ಅಂತ ಹುಡುಕಿ ಹುಡುಕಿ ಅವತ್ತು ಸಿಕ್ತು. ಚೀಲದಲ್ಲಿ ಹಾಕ್ಕೊಂಡು ಖುಷಿಯಾಗಿ ಹೋದ್ರು. ವಾಪಸ್ ಬಂದು ಇದನ್ನ ಅಕ್ಕಿ ಡಬ್ಬದ ಹಿಂದೆ ಇಟ್ರು. ಯಾಕಪ್ಪ ಅಂತ ಕೇಳಿದ್ರೆ, ಈಗ ಕೊಟ್ರೆ ಕದ್ದಿದ್ದು ವಾಪಸ್ ಕೊಟ್ಟ ಅಂತಾರೆ ಕಣಮ್ಮ ಅಂದ್ರು.”

ಅವಳು ಸ್ಟೂಲು ನನ್ನ ಕಡೆ ಕಾಲಿನಲ್ಲೇ ತಳ್ಳಿದಳು. ಹೊಲಿಗೆಯ ಮೆಷಿನ್ನಿನ ಪಕ್ಕದಲ್ಲಿ ರೇಡಿಯೋ ಇರುವ ಟೇಪ್ ರೆಕಾರ್ಡರ್ ಇತ್ತು. ಅವಳೇ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು.

ನೀರಿನ ಸದ್ದು, ಹುಟ್ಟು ಬೀಳುವ ಸದ್ದು. ಹೆಂಗಸಿನ ಉಸಿರು. “ದೀಪ ಆರಿಸ್ಬೇಡ” ಎಂದ ಅಂಬಿಗ. ಆಮೇಲೆ ನನ್ನ ಅಣ್ಣ ಬಂದ. ಇಷ್ಟು ದಿನ ಅದನ್ನು ಮನಸ್ಸಿನಲ್ಲಿ ನೂರು ಸಲ ಕೇಳಿದ್ದೆ. ಮನಸ್ಸಿನಲ್ಲಿ ಕೇಳಿದ್ದು ಏನೂ ಅಲ್ಲ. ಬಿಲ್ಲು ತಂತಿಯನ್ನು ಗೀರಿತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ, ಎರಡು ವರ್ಷದ್ದು, ಹನ್ನೊಂದು ವರ್ಷದ್ದು, ಎಲ್ಲ ಒಟ್ಟಿಗೆ. ಇದು ಕಳೆದುಹೋಗಿರಲಿಲ್ಲ, ಎರಡು ಬೀದಿ ಆಚೆ ಅಕ್ಕಿ ಡಬ್ಬದ ಹಿಂದೆ ಇತ್ತು.

ಪ್ರಭಾಮಣಿ ನನ್ನನ್ನೇ ನೋಡುತ್ತಿದ್ದಳು. “ನಂಗೆ ಬರೀ ನೀರಿನ ಸದ್ದು,” ಎಂದಳು. “ಅಪ್ಪ ಅಷ್ಟೊಂದು ಹೇಳ್ತಿದ್ದಿದ್ದು ಏನು ಅಂತ ನಾನು ಕೇಳೇ ಇಲ್ಲ.”

ನಾನು ಕಣ್ಣೊರೆಸಿಕೊಂಡೆ. ಹೇಳುವುದಕ್ಕೆ ಸ್ವಲ್ಪ ಹೊತ್ತಾಯಿತು, ಸುಳ್ಳು ಯಾಕೆ ಹೇಳಲಿ. ಸಿಕ್ಕಿ ಒಂದು ನಿಮಿಷವೂ ಆಗಿರಲಿಲ್ಲ. “ತೆಪ್ಪದ ಮನೆ, ಬಿಟ್ಟೆ” ಎಂದೆ. ಅವಳು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು. ಈ ಸಲ ಅಂಬಿಗನ ಮಾತಾದ ಮೇಲೆ ನನಗೆ ನೀರಷ್ಟೇ. ಅವಳ ಮುಖ ನೋಡುತ್ತಾ ಕೂತೆ. ಗೀರು ಬರುವ ಹೊತ್ತಿಗೆ ಅವಳು ಒಂದು ಸಲ ಕತ್ತೆತ್ತಿದಳು. ಆಮೇಲೆ ಟೇಪು ನಿಲ್ಲಿಸಿದಳು.

“ಚೆನ್ನಾಗಿದೆ,” ಎಂದಳು. “ಇಷ್ಟೇನಾ?”

“ಇಷ್ಟೇ.”

“ಇದಕ್ಕಾ ಅಪ್ಪ ಎರಡು ವರ್ಷ ಹೊರಗಡೆ ಮುಖ ತೋರಿಸ್ದೇ ಇದ್ದಿದ್ದು?”

ಕೂಟದಲ್ಲಿ ಎಲ್ಲರೆದುರು ಹೇಳುತ್ತೇನೆ, ಬರೆಸುತ್ತೇನೆ, ಮನೆಮನೆಗೆ ಹೋಗಿ ಹೇಳುತ್ತೇನೆ ಎಂದೆ. ಹೇಳಿ ಎಂದಳು, ಬೇಡವೆನ್ನಲಿಲ್ಲ. ಆಮೇಲೆ ಕ್ಯಾಸೆಟ್ಟನ್ನು ತೆಗೆದು ನನಗೆ ಕೊಡದೆ ಮೆಷಿನ್ನಿನ ಡ್ರಾಯರಿಗೆ ಹಾಕಿದಳು.

“ಇದು ನನ್ನ ಹತ್ರಾನೇ ಇರುತ್ತೆ. ಬಿಡಲ್ಲ ನಾನು. ಅಪ್ಪ ಇಟ್ಕೊಂಡಿದಾರೆ ಅಂದ್ರಲ್ಲ, ಇನ್ಮೇಲೆ ನಿಜವಾಗ್ಲೂ ನಮ್ಮನೇಲೇ ಇರ್ಲಿ. ಯಾರಾದ್ರೂ ಕೇಳಿದ್ರೆ ಶಿವನಂಜಯ್ಯನ ಮಗಳು ಇಟ್ಕೊಂಡಿದಾಳೆ ಅಂತ ಹೇಳಿ.”

“ಬಿಡಬೇಡ,” ಎಂದೆ.

ಭಾನುವಾರ ಹೇಳಿದೆ. ಸಾಹೇಬರು ಬರೆದುಕೊಂಡರು. ಎಲ್ಲರೂ ನೆಲ ನೋಡುತ್ತಾ ಕೂತಿದ್ದರು, ಅವರವರ ಪಾಲು ಅವರವರಿಗೆ ಗೊತ್ತಿತ್ತು. ಮನೆಮನೆಗೂ ಹೋಗಿ ಹೇಳಿದೆ. ಕೆಲವರು, ಪಾಪ, ಹೌದಾ ಎಂದರು, ಕೆಲವರಿಗೆ ಯಾವ ಶಿವನಂಜಯ್ಯ ಎಂದು ನೆನಪು ಮಾಡಿಕೊಡಬೇಕಾಯಿತು. ಕಳ್ಳ ಎಂಬುದು ಒಂದು ದಿನದಲ್ಲಿ ಊರು ತುಂಬಿತ್ತು, ಅಲ್ಲ ಎಂಬುದು ಇನ್ನೂ ಎಲ್ಲ ಕೇರಿಗೂ ಮುಟ್ಟಿಲ್ಲ.

ಹಿಡಿತ ತಪ್ಪಬಾರದೆಂದು ಪ್ರಭಾಮಣಿ ಹದಿನಾಲ್ಕು ದಿನಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಅದನ್ನು ಹಾಕುತ್ತಾಳೆ. ನಾನು ಹೋಗಿ ಸ್ಟೂಲಿನ ಮೇಲೆ ಕೂರುತ್ತೇನೆ. ಬಾ ಎಂದು ಅವಳು ಒಂದು ದಿನವೂ ಕರೆದಿಲ್ಲ, ಹೋಗು ಎಂದೂ ಹೇಳಿಲ್ಲ. ನೀರಿನ ಸದ್ದು ಬರುತ್ತದೆ, ಹುಟ್ಟು ಬೀಳುತ್ತದೆ, ಅಂಬಿಗ ಹೆಂಡತಿಗೆ ಹೇಳುವುದನ್ನು ಹೇಳುತ್ತಾನೆ. ಪ್ರಭಾಮಣಿ ತಲೆ ಎತ್ತದೆ ಹುಕ್ಕು ಹಚ್ಚುತ್ತಾ, “ಬಂತು,” ಎನ್ನುತ್ತಾಳೆ. ನಾನು ಉಸಿರು ಬಿಗಿಹಿಡಿದು ಎಣಿಸುತ್ತೇನೆ. ನಲವತ್ತಕ್ಕೆ ಬರುವ ಹೊತ್ತಿಗೆ ಅವಳು, “ಹೋಯ್ತು,” ಎನ್ನುತ್ತಾಳೆ.